ಬಿಟ್‌ಕಾಯಿನ್ ಕೊಂಡಾಯ್ತು, ಇನ್ನು ಯಾವ ವಾಲೆಟ್‌ನಲ್ಲಿ ಇಡಲಿ?

ಓದುಗರ ಪ್ರಶ್ನೆ: ಕೆಲವು ತಿಂಗಳಿಂದ ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್‌ಕಾಯಿನ್ ಕೊಳ್ಳುತ್ತಿದ್ದೇನೆ. ‘ಅದನ್ನ ಅಲ್ಲೇ ಬಿಡಬೇಡ, ನಿನ್ನದೇ ವಾಲೆಟ್‌ಗೆ ಹಾಕ್ಕೋ’ ಅಂತ ಗೆಳೆಯರು ಹೇಳುತ್ತಾರೆ. ಹುಡುಕಿದರೆ ನೂರೆಂಟು ವಾಲೆಟ್‌ಗಳು ಸಿಗುತ್ತವೆ. ನನ್ನಂಥ ಹೊಸಬರಿಗೆ ಯಾವುದು ಸುರಕ್ಷಿತ?

ಉತ್ತರ: ಹೋದರೆ ಬೇಜಾರಾಗುತ್ತದೆ, ಆದರೆ ಮನೆಖರ್ಚಿಗೆ ತೊಂದರೆ ಇಲ್ಲ ಅನ್ನುವಷ್ಟು ಮೊತ್ತವಾದರೆ ಫೋನಿನಲ್ಲಿ ಒಂದು ಒಳ್ಳೆಯ ವಾಲೆಟ್ ಆ್ಯಪ್ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಹಾರ್ಡ್‌ವೇರ್ ವಾಲೆಟ್, ಅಂದರೆ ಅದಕ್ಕೆಂದೇ ಮಾಡಿದ ಪುಟ್ಟ ಸಾಧನ ತಗೊಳ್ಳಿ. ಯಾವುದನ್ನೇ ಆರಿಸಿಕೊಂಡರೂ ಒಂದು ಮಾತು. ಆ ವಾಲೆಟ್ಟನ್ನು ಪೂರ್ತಿ ಅಳಿಸಿ, ಯಾರ ಸಹಾಯವೂ ಇಲ್ಲದೆ ನೀವೇ ಮತ್ತೆ ತೆರೆದು ನೋಡಿದ ಮೇಲಷ್ಟೇ ಅದಕ್ಕೆ ಹಣ ಹಾಕಿ. ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ನನಗೆ ಇದೇ ಮುಖ್ಯ.

ಯಾಕೆ ಅಂತ ತಿಳಿಯಬೇಕಾದರೆ ವಾಲೆಟ್‌ನಲ್ಲಿ ಏನಿರುತ್ತದೆ ಅನ್ನುವುದು ಗೊತ್ತಿರಬೇಕು. ಅದರೊಳಗೆ ನಾಣ್ಯ ಇರುವುದಿಲ್ಲ. ಯಾವ ವಿಳಾಸದಲ್ಲಿ (ಖಾತೆ ಸಂಖ್ಯೆಯಂಥ ಅಕ್ಷರ, ಅಂಕಿಗಳ ಉದ್ದ ಸಾಲು) ಎಷ್ಟು ಬಿಟ್‌ಕಾಯಿನ್ ಇದೆ ಅನ್ನುವ ಲೆಕ್ಕ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಜಮೀನಿನ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು, ಆದರೆ ಮಾರಬೇಕಾದರೆ ಮಾಲೀಕರ ಸಹಿಯೇ ಬೇಕು, ಅಲ್ವಾ? ವಾಲೆಟ್ ಕಾಯುವುದು ಆ ಸಹಿ ಹಾಕುವ ಗುಟ್ಟನ್ನು. ಅದಕ್ಕೆ ಪ್ರೈವೇಟ್ ಕೀ ಅನ್ನುತ್ತಾರೆ. ಅದು ಬೇರೆಯವರ ಕೈಗೆ ಸಿಕ್ಕರೆ ಹಣ ಅವರದು. ಕಳೆದುಹೋದರೆ ಯಾರದೂ ಅಲ್ಲ. ದೂರು ಕೊಟ್ಟು ವಾಪಸ್ ಪಡೆಯೋಣ ಅಂದರೆ ಅದನ್ನು ಹಿಂತಿರುಗಿಸುವ ಕಚೇರಿಯೇ ಇಲ್ಲ.

ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರೆ ಈ ಕೀ ಅವರ ಹತ್ತಿರ ಇರುತ್ತದೆ. ನಿಮ್ಮ ಆ್ಯಪ್‌ನಲ್ಲಿ ಕಾಣುವುದು ಅವರು ನಿಮಗೆ ಕೊಡಬೇಕಾದ ಬಾಕಿ, ಅಷ್ಟೇ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳುವಾಯಿತು. ರೂಪಾಯಿಯಲ್ಲಿ ಹತ್ತಿರಹತ್ತಿರ 2,000 ಕೋಟಿ. ಗ್ರಾಹಕರು ಹಣ ತೆಗೆಯುವುದನ್ನೇ ಕಂಪನಿ ನಿಲ್ಲಿಸಿತು. ವಿಷಯ ಸಿಂಗಪುರದ ಕೋರ್ಟಿಗೆ ಹೋಗಿ, ವೇದಿಕೆ ಮತ್ತೆ ತೆರೆಯುವ ಹೊತ್ತಿಗೆ 2025ರ ಅಕ್ಟೋಬರ್ ಆಗಿತ್ತು. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನದು ಇನ್ನೊಂದು ಕಥೆ. ಅದರ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡರು. ಕೀಗಳು ಅವರೊಬ್ಬರಿಗೇ ಗೊತ್ತಿದ್ದವು ಎಂದು ಕಂಪನಿ ಹೇಳಿತು. ಆಮೇಲೆ ತನಿಖೆ ಮಾಡಿದ ಒಂಟಾರಿಯೊದ ನಿಯಂತ್ರಣ ಸಂಸ್ಥೆ, ಗ್ರಾಹಕರ ಹಣದಲ್ಲಿ ಬಹುಪಾಲನ್ನು ಕಾಟನ್ ಮೊದಲೇ ಮೋಸದಿಂದ ಕಳೆದಿದ್ದರು ಎಂದಿತು. ಬಾಕಿ ಬರಬೇಕಿದ್ದವರು ಸುಮಾರು 76,000 ಜನ. ನಮ್ಮ ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಎಕ್ಸ್‌ಚೇಂಜ್‌ನಲ್ಲಿರುವ ಕ್ರಿಪ್ಟೋಗೆ ಆ ರಕ್ಷಣೆ ಇಲ್ಲ.

ಹಾಗಂತ ಎಲ್ಲರೂ ಇವತ್ತೇ ಹಣ ಹೊರಗೆ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಎರಡು ಮೂರು ಸಾವಿರ ರೂಪಾಯಿ ಹಾಕಿ ಇನ್ನೂ ಕಲಿಯುತ್ತಿದ್ದರೆ, ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜ್‌ನಲ್ಲೇ ಇರಲಿ. ಖಾತೆಗೆ ಗಟ್ಟಿ ಪಾಸ್‌ವರ್ಡ್ ಹಾಕಿ. ಎಸ್‌ಎಂಎಸ್ ಓಟಿಪಿ ಜೊತೆಗೆ ಫೋನಿನಲ್ಲೇ ಕೋಡ್ ಹುಟ್ಟಿಸುವ ಆಥೆಂಟಿಕೇಟರ್ ಆ್ಯಪ್ ಕೂಡ ಸೇರಿಸಿ, ಯಾಕೆಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದರೆ ಓಟಿಪಿ ಅವರಿಗೆ ಹೋಗುತ್ತದೆ. ಆದರೆ ಮೊದಲೇ ಒಂದು ವಿಷಯ ವಿಚಾರಿಸಿಕೊಳ್ಳಿ. ಕೆಲವು ಆ್ಯಪ್‌ಗಳು ಕೊಳ್ಳಲು, ಮಾರಲು ಬಿಡುತ್ತವೆ, ಕ್ರಿಪ್ಟೋವನ್ನು ಹೊರಗೆ ಕಳಿಸಲು ಬಿಡುವುದಿಲ್ಲ. ಅಂಥ ಕಡೆ ಕೊಂಡರೆ ಯಾವ ವಾಲೆಟ್ ಇದ್ದೂ ಉಪಯೋಗವಿಲ್ಲ.

ಈಗ ಫೋನಿನ ವಾಲೆಟ್. ಬಿಟ್‌ಕಾಯಿನ್ ಮಾತ್ರ ಇದ್ದರೆ ಬ್ಲೂವಾಲೆಟ್‌ನಂಥ, ಬಿಟ್‌ಕಾಯಿನ್‌ಗೆಂದೇ ಮಾಡಿದ ಆ್ಯಪ್ ನೋಡಿ. ಈಥೀರಿಯಂ ಎಂಬ ಇನ್ನೊಂದು ಕ್ರಿಪ್ಟೋ ಮತ್ತು ಅದರ ಬ್ಲಾಕ್‌ಚೈನ್ ಮೇಲೆ ನಡೆಯುವ ಟೋಕನ್‌ಗಳಿಗೆ ಮೆಟಾಮಾಸ್ಕ್ ಹೆಚ್ಚು ಬಳಕೆಯಲ್ಲಿದೆ. ನೂರು ಬಗೆಯ ನಾಣ್ಯ ಹಿಡಿಸುವ ವಾಲೆಟ್ ಹೊಸಬರಿಗೆ ಬೇಕಾಗಿಲ್ಲ. ಇರುವುದು ಒಂದೇ ನಾಣ್ಯವಾದರೆ ಅದಕ್ಕಷ್ಟೇ ಆಗುವುದನ್ನು ತಗೊಳ್ಳಿ, ತಪ್ಪುವ ಜಾಗ ಕಡಿಮೆ. ಪ್ಲೇ ಸ್ಟೋರ್‌ನಲ್ಲಿ ಸುಮ್ನೆ ಹೆಸರು ಹೊಡೆದು ಮೊದಲು ಬಂದದ್ದನ್ನು ಇಳಿಸಿಕೊಳ್ಳಬೇಡಿ. ಅದೇ ಹೆಸರು, ಅದೇ ಚಿತ್ರ ಇಟ್ಟ ನಕಲಿ ಆ್ಯಪ್‌ಗಳು ಎಷ್ಟೋ ಸಲ ಸಿಕ್ಕಿಬಿದ್ದಿವೆ. ವಾಲೆಟ್‌ನ ಅಧಿಕೃತ ತಾಣಕ್ಕೆ ಹೋಗಿ ಅಲ್ಲಿನ ಲಿಂಕಿನಿಂದಲೇ ಬನ್ನಿ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ವಾಟ್ಸಾಪ್‌ನಲ್ಲಿ ‘ಮದುವೆ ಆಮಂತ್ರಣ’ ಅಂತ ಬರುವ ಎಪಿಕೆ ಫೈಲುಗಳನ್ನು ಒತ್ತುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದು, ಫೋನು ಅವರ ಕೈಗೂ ಹೋಗುತ್ತಿದ್ದರೆ, ಆ ಫೋನಿನಲ್ಲಿ ವಾಲೆಟ್ ಬೇಡವೇ ಬೇಡ.

ಹಾರ್ಡ್‌ವೇರ್ ವಾಲೆಟ್ ಅಂದರೆ ಪೆನ್‌ಡ್ರೈವ್‌ನಷ್ಟು ದೊಡ್ಡ ಪುಟ್ಟ ಸಾಧನ. ಟ್ರೆಝರ್ ಮತ್ತು ಲೆಜರ್ ಹೆಚ್ಚು ಹೆಸರಾದವು. ಬೆಲೆ ಕೆಲವು ಸಾವಿರ ರೂಪಾಯಿ. ಕೀ ಆ ಸಾಧನದೊಳಗೇ ಹುಟ್ಟಿ ಅಲ್ಲೇ ಉಳಿಯುತ್ತದೆ. ಹಣ ಕಳಿಸುವಾಗ ಫೋನು ಅಥವಾ ಕಂಪ್ಯೂಟರ್ ವ್ಯವಹಾರದ ವಿವರವನ್ನು ಸಾಧನಕ್ಕೆ ಕೊಡುತ್ತದೆ, ಸಾಧನ ಒಳಗೇ ಸಹಿ ಮಾಡಿ ವಾಪಸ್ ಕೊಡುತ್ತದೆ. ಕಂಪ್ಯೂಟರ್‌ಗೆ ವೈರಸ್ ಬಂದಿದ್ದರೂ ಕೀ ಅದರ ಕೈಗೆ ಸಿಗುವುದಿಲ್ಲ. ಆದರೆ ಸಾಧನದ ಚಿಕ್ಕ ತೆರೆಯಲ್ಲಿ ಬರುವ ವಿಳಾಸವನ್ನೂ ಮೊತ್ತವನ್ನೂ ಓದಿ ಒಪ್ಪಿಗೆ ಕೊಡುವ ಕೆಲಸ ನಿಮ್ಮದೇ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಕಳಕೊಂಡದ್ದು ಹೀಗೇ. ಕಂಪ್ಯೂಟರಿನ ತೆರೆಯಲ್ಲಿ ಸರಿಯಾದ ವ್ಯವಹಾರ ಕಾಣುತ್ತಿತ್ತು, ಸಹಿ ಬಿದ್ದದ್ದು ಬೇರೆಯದಕ್ಕೆ. ದೊಡ್ಡ ಕಂಪನಿಯವರೇ ಎಡವಿದ ಜಾಗ ಇದು, ಆತುರ ಬೇಡ.

ಈ ಸಾಧನವನ್ನು ತಯಾರಕರಿಂದಲೋ, ಅವರ ತಾಣದಲ್ಲಿ ಹೆಸರಿರುವ ಮಾರಾಟಗಾರರಿಂದಲೋ ಮಾತ್ರ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಡ, ಆಫರ್ ಎಷ್ಟೇ ಚೆನ್ನಾಗಿದ್ದರೂ. ಡಬ್ಬಿಯೊಳಗೆ ವಾಲೆಟ್ ತೆರೆಯುವ ಗುಟ್ಟಿನ ಪದಗಳನ್ನು (ಅವುಗಳ ವಿಷಯ ಮುಂದೆ ಬರುತ್ತದೆ) ಮೊದಲೇ ಬರೆದಿಟ್ಟ ಕಾರ್ಡ್ ಸಿಕ್ಕರೆ ಅದು ಮೋಸ, ಅನುಮಾನವೇ ಬೇಡ. ಪದಗಳನ್ನು ಸಾಧನವೇ ನಿಮ್ಮ ಕಣ್ಣೆದುರು ಹುಟ್ಟಿಸಬೇಕು. 2020ರಲ್ಲಿ ಲೆಜರ್ ಗ್ರಾಹಕರ ಹೆಸರು, ವಿಳಾಸಗಳು ಸೋರಿಹೋದವು. ಆಮೇಲೆ ಕೆಲವರ ಮನೆಗೆ ‘ನಿಮ್ಮ ಹಳೆಯದು ಸುರಕ್ಷಿತವಲ್ಲ, ಇದನ್ನು ಬಳಸಿ’ ಎಂಬ ಪತ್ರದ ಜೊತೆ ನಕಲಿ ಸಾಧನಗಳೇ ಬಂದವು.

ಈ ಪದಗಳ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಹೊಸ ವಾಲೆಟ್ ತೆರೆದಾಗ ಅದು ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಇದೇ ಸೀಡ್ ಫ್ರೇಸ್. ಬಹಳಷ್ಟು ವಾಲೆಟ್‌ಗಳು ಈ ಪದಗಳನ್ನು ಆರಿಸುವುದು 2,048 ಪದಗಳ ಒಂದೇ ಪಟ್ಟಿಯಿಂದ. ನಿಮ್ಮ ಎಲ್ಲ ಕೀಗಳೂ ಈ ಪದಗಳಿಂದಲೇ ಹುಟ್ಟುತ್ತವೆ. ಹಾಗಾಗಿ ಫೋನು ಒಡೆದರೂ, ವಾಲೆಟ್ ಕಂಪನಿಯೇ ಮುಚ್ಚಿದರೂ, ಅದೇ ಪದ್ಧತಿಯ ಇನ್ನೊಂದು ವಾಲೆಟ್‌ನಲ್ಲಿ ಅದೇ ಪದಗಳನ್ನು ಅದೇ ಕ್ರಮದಲ್ಲಿ ಹಾಕಿದರೆ ಹಣ ಸಿಗುತ್ತದೆ.

ಬರೆಯುವಾಗ ನಮ್ಮವರು ಎಡವುವ ಒಂದು ಜಾಗ ಇದೆ. ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಡಿ. ಆ ಪಟ್ಟಿಯಲ್ಲಿ ‘ಸರಿ’ ಅನ್ನುವ ಅರ್ಥದ ರೈಟ್ ಇದೆ, ‘ಬರೆ’ ಅನ್ನುವ ಅರ್ಥದ ರೈಟ್ ಕೂಡ ಇದೆ. ಎರಡು ವರ್ಷ ಬಿಟ್ಟು ನೋಡಿದರೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ತೆರೆಯಲ್ಲಿ ಇದ್ದ ಹಾಗೇ ಇಂಗ್ಲಿಷ್ ಅಕ್ಷರದಲ್ಲಿ, ಬಿಡಿಸಿ, ಮುಂದೆ ಸಂಖ್ಯೆ ಹಾಕಿ ಬರೆಯಿರಿ. ಪಟ್ಟಿಯ ಪ್ರತಿ ಪದವೂ ಮೊದಲ ನಾಲ್ಕು ಅಕ್ಷರಗಳಲ್ಲೇ ಬೇರೆಯಾಗಿ ನಿಲ್ಲುತ್ತದೆ. ಆ ನಾಲ್ಕು ಅಕ್ಷರ ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ಪದ ಪತ್ತೆಯಾಗುತ್ತದೆ.

ಸ್ಕ್ರೀನ್‌ಶಾಟ್ ತೆಗೆಯಬೇಡಿ, ನಿಮಗೆ ನೀವೇ ವಾಟ್ಸಾಪ್ ಮಾಡಿಕೊಳ್ಳಬೇಡಿ. 2025ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಪತ್ತೆ ಮಾಡಿದ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶ ಫೋನಿನ ಗ್ಯಾಲರಿಯಲ್ಲಿರುವ ಚಿತ್ರಗಳನ್ನು ಓದಿ ಇಂಥ ಪದಗಳನ್ನೇ ಹುಡುಕುತ್ತಿತ್ತು. ಅದು ಇದ್ದ ಆ್ಯಪ್‌ಗಳು ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಸಿಕ್ಕವು. ಚೀಟಿಯನ್ನು ಜೆರಾಕ್ಸ್ ಅಂಗಡಿಗೆ, ಲ್ಯಾಮಿನೇಷನ್‌ಗೆ ಕೂಡ ಕೊಡಬೇಡಿ. ಎರಡು ಪ್ರತಿ ಕೈಯಲ್ಲೇ ಬರೆದು ಎರಡು ಬೇರೆ ಕಡೆ ಇಡಿ. ಒಂದು ಮನೆಯಲ್ಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲಿ ಇದ್ದರೆ ಒಳ್ಳೆಯದು. ಮಲೆನಾಡಿನ ಮಳೆಗಾಲದ ತೇವ, ಗೆದ್ದಲು ಎರಡೂ ಕಾಗದಕ್ಕೆ ಶತ್ರು. ಮೊತ್ತ ದೊಡ್ಡದಾದರೆ ಸ್ಟೀಲ್ ತಗಡಿನ ಮೇಲೆ ನೀವೇ ಕೆತ್ತಿಟ್ಟುಕೊಳ್ಳಿ.

ಈಗ ಪರೀಕ್ಷೆ. ವಾಲೆಟ್‌ನಲ್ಲಿ ‘ರಿಸೀವ್’ ಒತ್ತಿ, ಬಂದ ವಿಳಾಸವನ್ನು ಒಂದು ಕಡೆ ಗುರುತು ಹಾಕಿಕೊಳ್ಳಿ. ವಿಳಾಸ ಗುಟ್ಟಲ್ಲ, ಅದರ ಚಿತ್ರ ತೆಗೆದರೂ ತೊಂದರೆ ಇಲ್ಲ. ಆಮೇಲೆ ಆ್ಯಪ್ ಅಳಿಸಿಬಿಡಿ. ಹಾರ್ಡ್‌ವೇರ್ ಆದರೆ ರೀಸೆಟ್ ಮಾಡಿ. ಮತ್ತೆ ಹಾಕಿಕೊಂಡು, ಚೀಟಿ ನೋಡಿ ಒಂದೊಂದೇ ಪದ ತುಂಬಿ. ಹಾರ್ಡ್‌ವೇರ್ ಇದ್ದರೆ ಪದಗಳನ್ನು ಸಾಧನದಲ್ಲೇ ತುಂಬಬೇಕು, ಕಂಪ್ಯೂಟರಿನಲ್ಲಿ ಅಲ್ಲ. ಅದೇ ವಿಳಾಸ ಬಂತೇ? ಬಂದರೆ ಚೀಟಿ ಸರಿ ಇದೆ. ಬರದಿದ್ದರೆ ಒಂದು ಪೈಸೆ ಹೋಗದೆ ತಪ್ಪು ಸಿಕ್ಕಿತು, ಹೊಸ ವಾಲೆಟ್ ಮಾಡಿ ಮೊದಲಿಂದ ಬರೆಯಿರಿ. ಇದಕ್ಕೆ ಅರ್ಧ ಗಂಟೆ ಸಾಕು. ಬಹಳ ಜನ ಇದನ್ನು ಮಾಡುವುದೇ ಇಲ್ಲ ಅನ್ನುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಇದಾದ ಮೇಲೆ ಎಕ್ಸ್‌ಚೇಂಜ್ ಬಿಡುವ ಕನಿಷ್ಠ ಮೊತ್ತವನ್ನು ಮೊದಲು ಕಳಿಸಿ. ಅದು ಬಂದು ಕೂತ ಮೇಲೆ ಉಳಿದದ್ದು. ಎರಡು ಸಲ ಶುಲ್ಕ ಬೀಳುತ್ತದೆ, ಬೀಳಲಿ. ವಿಳಾಸವನ್ನು ಕಾಪಿ ಮಾಡಿ ಅಂಟಿಸಿದ ಮೇಲೆ ಪೂರ್ತಿ ತಾಳೆ ನೋಡಿ. ಕಾಪಿ ಮಾಡಿದ ವಿಳಾಸವನ್ನೇ ಬದಲಿಸುವ ವೈರಸ್‌ಗಳಿವೆ. ನಿಮ್ಮದನ್ನು ಹೋಲುವ ವಿಳಾಸದಿಂದ ಚಿಲ್ಲರೆ ಮೊತ್ತ ಕಳಿಸಿ, ಮುಂದಿನ ಸಲ ಹಳೆಯ ವ್ಯವಹಾರದಿಂದ ಅದನ್ನೇ ಕಾಪಿ ಮಾಡುವಂತೆ ಬಲೆ ಹಾಕುವವರೂ ಇದ್ದಾರೆ. ನೆಟ್‌ವರ್ಕ್, ಅಂದರೆ ಯಾವ ಬ್ಲಾಕ್‌ಚೈನ್ ಮೂಲಕ ಕಳಿಸುತ್ತಿದ್ದೀರಿ ಅನ್ನುವುದನ್ನೂ ನೋಡಿ. ಬಿಟ್‌ಕಾಯಿನ್ ವಿಳಾಸ 1, 3 ಅಥವಾ ‘bc1’ರಿಂದ ಶುರುವಾಗುತ್ತದೆ. ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ನಾಣ್ಯ ಕಳಿಸುವವರು ಟ್ರಾನ್, ಈಥೀರಿಯಂ ಮುಂತಾದ ನೆಟ್‌ವರ್ಕ್‌ಗಳಲ್ಲಿ ಕಳಿಸುವ ಕಡೆ, ಪಡೆಯುವ ಕಡೆ ಎರಡರಲ್ಲೂ ಒಂದೇ ಆರಿಸಬೇಕು.

ತೆರಿಗೆಯ ಮಾತು ಚಿಕ್ಕದು. ನಿಮ್ಮದನ್ನೇ ನಿಮ್ಮ ವಾಲೆಟ್‌ಗೆ ಸಾಗಿಸುವುದು ಮಾರಾಟವಲ್ಲ. ಮಾರಿದಾಗ ಲಾಭದ ಮೇಲೆ 30% ತೆರಿಗೆ, ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್, ಈ ನಿಯಮ 2022ರಿಂದ ಇದೆ. ಎಷ್ಟಕ್ಕೆ ಕೊಂಡಿರಿ ಅನ್ನುವ ದಾಖಲೆ ಎಕ್ಸ್‌ಚೇಂಜ್‌ನಲ್ಲೇ ಇರುವುದರಿಂದ ಈಗಲೇ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ.

ವಾಲೆಟ್‌ನಲ್ಲಿ ಏನಾದರೂ ತೊಡಕಾಗಿ ಟೆಲಿಗ್ರಾಂನಲ್ಲೋ ಎಕ್ಸ್‌ನಲ್ಲೋ (ಹಿಂದಿನ ಟ್ವಿಟರ್) ಕೇಳಿದರೆ, ಐದು ನಿಮಿಷದಲ್ಲಿ ‘ಕಸ್ಟಮರ್ ಕೇರ್’ ಹೆಸರಿನಲ್ಲಿ ಯಾರೋ ಬರುತ್ತಾರೆ. ತುಂಬ ಮರ್ಯಾದೆಯಿಂದ ಮಾತಾಡುತ್ತಾರೆ. ಕೊನೆಗೆ ಆ 12 ಪದ ಕೇಳುತ್ತಾರೆ, ಇಲ್ಲವೇ ಪದ ತುಂಬುವ ಒಂದು ಪುಟದ ಲಿಂಕ್ ಕೊಡುತ್ತಾರೆ. ನಿಜವಾದ ಯಾವ ಕಂಪನಿಗೂ ಅದು ಬೇಕಾಗಿಲ್ಲ. ಬ್ಲಾಕ್ ಮಾಡಿ.

ಮನೆಯವರಿಗೂ ಹೇಳಿಡಿ. ಬ್ಯಾಂಕಿನಲ್ಲಿ ನಾಮಿನಿ ಇರುತ್ತಾರೆ, ನಿಮ್ಮ ವಾಲೆಟ್‌ಗೆ ಅಂಥದ್ದಿಲ್ಲ. ಯಾವ ವಾಲೆಟ್, ಎಷ್ಟು ಪದ, ಚೀಟಿ ಎಲ್ಲಿದೆ, ಆ ಪದಗಳ ಜೊತೆಗೆ ನೀವೇ ಸೇರಿಸುವ ಗುಟ್ಟಿನ ಮಾತು (ಪಾಸ್‌ಫ್ರೇಸ್) ಹಾಕಿದ್ದೀರಾ, ಸಹಾಯಕ್ಕೆ ಯಾವ ನಂಬಿಕಸ್ಥರನ್ನು ಕರೆಯಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್‌ಐಸಿ ಬಾಂಡ್, ಮನೆಪತ್ರಗಳ ಜೊತೆ ಇಡಿ. ಪದಗಳು ಮಾತ್ರ ಆ ಹಾಳೆಯಲ್ಲಿ ಇರಬಾರದು.