ದಿನಾ ಅಪ್‌ಡೇಟ್ ಮಾಡಿದರೂ ವರ್ಶನ್ ಹಳೆಯದೇ ಯಾಕೆ?

ಪ್ರಶ್ನೆ: ಡೆಬಿಯನ್ ಸ್ಟೇಬಲ್ ಬಳಸುತ್ತಿದ್ದೇನೆ. ದಿನಾ ಆಪ್ಟ್ ಅಪ್‌ಡೇಟ್ ಕೊಡುತ್ತೇನೆ. ಆದರೂ ಎಲ್ಲದರ ವರ್ಶನ್ ನಂಬರ್ ಹಳೆಯದೇ ಇದೆ. ಅಂದರೆ ಸೆಕ್ಯುರಿಟಿ ತೂತುಗಳೂ ಹಾಗೇ ಉಳಿದಿವೆ ಅಂತ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಸಣ್ಣ ವಿಷಯ ಮುಗಿಸೋಣ. ಡೆಬಿಯನ್ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಸ್ಟೇಬಲ್ ಅಂದರೆ ಅದರ ಪರೀಕ್ಷೆ ಮುಗಿದ ಬಿಡುಗಡೆ. ಅದರಲ್ಲಿ ಪ್ಯಾಕೇಜುಗಳನ್ನು, ಅಂದರೆ ಇನ್‌ಸ್ಟಾಲ್ ಮಾಡಲು ಕಟ್ಟಿಟ್ಟ ಸಾಫ್ಟ್‌ವೇರನ್ನು, ನೋಡಿಕೊಳ್ಳುವ ಕಮಾಂಡ್ ಆಪ್ಟ್. ಆಪ್ಟ್ ಅಪ್‌ಡೇಟ್ ಕೊಟ್ಟರೆ ಯಾವ ಪ್ಯಾಕೇಜಿನ ಯಾವ ವರ್ಶನ್ ಸಿಗುತ್ತದೆ ಎಂಬ ಪಟ್ಟಿ ಮಾತ್ರ ಹೊಸದಾಗುತ್ತದೆ. ಪ್ಯಾಕೇಜುಗಳು ಇಳಿದು ಇನ್‌ಸ್ಟಾಲ್ ಆಗುವುದು ಆಪ್ಟ್ ಅಪ್‌ಗ್ರೇಡ್ ಕೊಟ್ಟಾಗ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಡಿಎನ್‌ಎಫ್ ಅಪ್‌ಗ್ರೇಡ್ ಒಂದೇ ಎರಡೂ ಕೆಲಸ ಮಾಡುತ್ತದೆ. ಲಿನಕ್ಸ್ ಅಲ್ಲದ ಓಪನ್‌ಬಿಎಸ್‌ಡಿ ಎಂಬ ಸಿಸ್ಟಮ್‌ನಲ್ಲಿ ಮೂಲ ಸಿಸ್ಟಮ್‌ಗೆ ಸಿಸ್‌ಪ್ಯಾಚ್, ಉಳಿದ ಪ್ಯಾಕೇಜುಗಳಿಗೆ ಪಿಕೆಜಿ-ಆ್ಯಡ್ -ಯು. ಎರಡನ್ನೂ ನೆನಪಿಟ್ಟು ಕೊಡಬೇಕು.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: "ನಂಬರ್ ಹಳೆಯದಾದರೆ ಕೋಡೂ ಹಳೆಯದು." ಇದು ತಪ್ಪು. ಡೆಬಿಯನ್ ಸ್ಟೇಬಲ್ ಒಮ್ಮೆ ಬಿಡುಗಡೆಯಾದ ಮೇಲೆ ಅದರ ವರ್ಶನ್‌ಗಳನ್ನು ಹೆಚ್ಚುಕಡಿಮೆ ಅಲ್ಲೇ ನಿಲ್ಲಿಸುತ್ತಾರೆ. ತೂತು ಸಿಕ್ಕಾಗ ಅದನ್ನು ಮುಚ್ಚುವ ಸಾಲುಗಳನ್ನಷ್ಟೇ ಹೊಸ ವರ್ಶನ್‌ನಿಂದ ತೆಗೆದು ಹಳೆಯದಕ್ಕೆ ಕೂರಿಸುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಮಾಡುವುದು ಅನ್ನುತ್ತಾರೆ. ಕಂಪನಿಗಳಿಗೆ ಲಿನಕ್ಸ್ ಕೊಡುವ ರೆಡ್ ಹ್ಯಾಟ್‌ನವರು ಮಾಡುವುದೂ ಇದನ್ನೇ.

ಒಂದು ನಂಬರನ್ನು ಹತ್ತಿರದಿಂದ ನೋಡಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಹೊರಬಂತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನಲ್ಲಿ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುಪ್ತಲಿಪಿಯಲ್ಲಿ ಕಾಪಾಡುವ ಲೈಬ್ರರಿಯಲ್ಲಿ. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ತನಕ ಎಲ್ಲದರಲ್ಲೂ ತೂತಿತ್ತು. 1.0.1ಜಿಯಲ್ಲಿ ಸರಿಯಾಯಿತು. ಆಗಿನ ಡೆಬಿಯನ್ 7ಕ್ಕೆ ಬಂದ ಅಪ್‌ಡೇಟ್ ಯಾವುದು ಗೊತ್ತಾ? 1.0.1ಇ-2+ಡೆಬ್7ಯು5. ಮುಂದಿರುವುದು ಇನ್ನೂ 'ಇ', ಅಂದರೆ ತೂತಿದ್ದ ಸಾಲಿನದೇ ಅಕ್ಷರ. ಆದರೆ ಬಾಲ ಓದಿ: ಡೆಬಿಯನ್ 7ಕ್ಕಾಗಿ ಮಾಡಿದ ಐದನೇ ಅಪ್‌ಡೇಟ್ ಅಂತ ಅಲ್ಲಿದೆ. ಹಾರ್ಟ್‌ಬ್ಲೀಡ್ ಮುಚ್ಚಿದ್ದು ಅದರಲ್ಲೇ. ಅದಕ್ಕೂ ಹಿಂದಿನ ಡೆಬಿಯನ್ 6ರಲ್ಲಿ 0.9.8 ಇತ್ತು. ಅದರಲ್ಲಿ ಆ ತೂತು ಹುಟ್ಟಿದ ಕೋಡೇ ಇರಲಿಲ್ಲ!

ಇನ್ನೊಂದು, ಇದು ನನಗೆ ಬಹಳ ಇಷ್ಟದ ಉದಾಹರಣೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಸಾಫ್ಟ್‌ವೇರಿನಲ್ಲಿ ಬಚ್ಚಿಟ್ಟಿದ್ದ ಹಿಂಬಾಗಿಲನ್ನು ಬಯಲು ಮಾಡಿದರು. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಹೊಗುವ ದಾರಿ) ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದ್ದದ್ದೇ ಅವರಿಗೆ ಸಿಕ್ಕ ಸುಳಿವು. ಹಿಂಬಾಗಿಲು ಇದ್ದದ್ದು 5.6.0 ಮತ್ತು 5.6.1ರಲ್ಲಿ, ಅಂದರೆ ಆಗಿನ ಹೊಚ್ಚಹೊಸ ವರ್ಶನ್‌ಗಳಲ್ಲಿ. ಡೆಬಿಯನ್ ಸ್ಟೇಬಲ್‌ನಲ್ಲಿ ಹಳೇ 5.4.1 ಇತ್ತು, ಏನೂ ಆಗಲಿಲ್ಲ. ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್ ಮತ್ತು ಎಕ್ಸ್‌ಪೆರಿಮೆಂಟಲ್ ಎಂಬ, ಇನ್ನೂ ಸ್ಟೇಬಲ್ ಆಗದ ಕವಲುಗಳಿಗೆ ಮಾತ್ರ ಅದು ಹೊಕ್ಕಿತ್ತು. ಅಲ್ಲಿ ಅದನ್ನು ಹಿಂದಕ್ಕೆ ತರಬೇಕಿತ್ತು, ಆದರೆ ಆಪ್ಟ್ ತಾನಾಗಿ ಚಿಕ್ಕ ನಂಬರಿಗೆ ಇಳಿಯುವುದಿಲ್ಲ. ಹಾಗಾಗಿ ಪ್ಯಾಕೇಜಿಗೆ ಕೊಟ್ಟ ನಂಬರ್ 5.6.1+ರಿಯಲಿ5.4.5-1. ಹೊರಗೆ 5.6.1, ಒಳಗೆ 5.4.5. ಬರೀ ಮೊದಲ ಮೂರು ಅಂಕಿ ನೋಡಿ ತೀರ್ಮಾನಿಸುವವರು ಇದನ್ನು ಏನಂತ ಓದುತ್ತಾರೆ?

ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್‌ಗೂ ಆಡಿಟ್‌ನಲ್ಲಿ ಉದ್ದದ ತೂತುಪಟ್ಟಿ ಬಂದಿತ್ತು. ಸ್ಕ್ಯಾನರ್ ವರ್ಶನ್ ನಂಬರ್ ಮಾತ್ರ ಹೋಲಿಸಿತ್ತು. ಆಪ್ಟ್ ಚೇಂಜ್‌ಲಾಗ್ ಕೊಟ್ಟು ಪ್ಯಾಕೇಜಿನ ಬದಲಾವಣೆಗಳ ಪಟ್ಟಿ ತೆಗೆದು, ಒಂದೊಂದೇ ಸಿವಿಇ ನಂಬರ್ (ಪ್ರತಿ ತೂತಿಗೂ ಕೊಡುವ ಗುರುತಿನ ಸಂಖ್ಯೆ) ಹುಡುಕಿ ತೋರಿಸಿದೆ. ಪ್ರತಿಯೊಂದೂ ಆಗಲೇ ಮುಚ್ಚಿತ್ತು. ನೀವೂ ಹಾಗೆ ನೋಡಬಹುದು. ಫೆಡೋರಾದಲ್ಲಾದರೆ ಆರ್‌ಪಿಎಮ್ ಕಮಾಂಡಿಗೆ ಚೇಂಜ್‌ಲಾಗ್ ತೋರಿಸು ಅಂತ ಕೇಳಿ.

ಎರಡು ಎಚ್ಚರಿಕೆ ಮಾತ್ರ ಹೇಳಲೇಬೇಕು. ಸಪೋರ್ಟ್ ಅವಧಿ ಮುಗಿದ ರಿಲೀಸ್‌ಗೆ ಈ ಪ್ಯಾಚ್‌ಗಳು ಬರುವುದಿಲ್ಲ. ಡೆಬಿಯನ್‌ನ ರೆಪೊಸಿಟರಿ (ಪ್ಯಾಕೇಜುಗಳ ಅಧಿಕೃತ ಸಂಗ್ರಹ) ಬಿಟ್ಟು ಬೇರೆಲ್ಲಿಂದಲೋ ಇಳಿಸಿ ಹಾಕಿಕೊಂಡ ಡೆಬ್ ಪ್ಯಾಕೇಜ್ ಫೈಲುಗಳನ್ನು ಡೆಬಿಯನ್‌ನವರು ನೋಡಿಕೊಳ್ಳುವುದಿಲ್ಲ.

ನೀವು ಕೇಳದ ಇನ್ನೊಂದು ವಿಷಯವಿದೆ, ಅದರ ಚಿಂತೆ ನನಗೆ ಜಾಸ್ತಿ. ಅಪ್‌ಗ್ರೇಡ್ ಆದ ಮೇಲೆ ಏನು ಮಾಡುತ್ತೀರಿ? ಡಿಸ್ಕಿನಲ್ಲಿ ಲೈಬ್ರರಿ ಬದಲಾದರೂ ಮೊದಲೇ ಓಡುತ್ತಿದ್ದ ಪ್ರೋಗ್ರಾಮ್ ಹಳೇ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಹೆಸರು ಅಳಿಸಿದರೂ, ಯಾರಾದರೂ ಬಳಸುತ್ತಿರುವ ತನಕ ಲಿನಕ್ಸ್ ಆ ಫೈಲನ್ನು ಉಳಿಸಿಕೊಳ್ಳುತ್ತದೆ. ಅಂದರೆ ಓಪನ್‌ಎಸ್‌ಎಸ್‌ಎಲ್ ಸರಿಯಾಗಿದೆ, ಆದರೆ ವೆಬ್ ಸರ್ವರ್ ಇನ್ನೂ ತೂತಿರುವ ಕೋಡಿನಲ್ಲೇ ಓಡುತ್ತಿದೆ. ಡೆಬಿಯನ್‌ನಲ್ಲಿ ನೀಡ್‌ರೀಸ್ಟಾರ್ಟ್ ಹಾಕಿಕೊಳ್ಳಿ. ಯಾವ ಸರ್ವಿಸ್ ರೀಸ್ಟಾರ್ಟ್ ಆಗಬೇಕು ಅಂತ ಅದೇ ಹೇಳುತ್ತದೆ. ಫೆಡೋರಾದಲ್ಲಿ ಡಿಎನ್‌ಎಫ್ ನೀಡ್ಸ್-ರೀಸ್ಟಾರ್ಟಿಂಗ್ ಇದೆ. ಸಿಸ್ಟಮ್‌ನ ತಿರುಳಾದ ಕರ್ನಲ್ ಅಪ್‌ಗ್ರೇಡ್ ಆಗಿದ್ದರೆ ಪೂರ್ತಿ ರೀಬೂಟ್ ಮಾಡಿ. ಯುನೇಮ್ -ಎ ಕೊಟ್ಟು ನೋಡಿ, ರೀಬೂಟ್ ಆಗುವ ತನಕ ಓಡುತ್ತಿರುವುದು ಹಳೇ ಕರ್ನಲ್ಲೇ.