ರೆಸ್ಪಾನ್ಸಿವ್ ಇಮೇಜ್: ಒಂದೇ ಫೋಟೊ, ಪರದೆಗೆ ತಕ್ಕ ಪ್ರತಿ

ಒಂದು ಚಿತ್ರವನ್ನು ಹಲವು ಅಳತೆಗಳಲ್ಲಿ ಸಿದ್ಧಮಾಡಿಟ್ಟು, ನೋಡುವವರ ಪರದೆಗೆ ಒಪ್ಪುವ ಪ್ರತಿಯನ್ನು ಮಾತ್ರ ಕಳಿಸುವ ಏರ್ಪಾಡಿಗೆ ರೆಸ್ಪಾನ್ಸಿವ್ ಇಮೇಜ್ ಎಂದು ಹೆಸರು. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಅಗಲ ನೂರು ಪರ್ಸೆಂಟ್ ಎಂದು ಬರೆದು ಕೈತೊಳೆದುಕೊಳ್ಳುವವರೇ ಹೆಚ್ಚು. ಅದರಿಂದ ಚಿತ್ರ ಪರದೆಯೊಳಗೆ ಕೂರುತ್ತದೆ, ನಿಜ. ಫೈಲ್ ಮಾತ್ರ ಇಡಿಯಾಗಿಯೇ ಇಳಿದುಬರುತ್ತದೆ, ಪಾವಕ್ಕಿ ಅನ್ನಕ್ಕೆ ಗೋಣಿ ಅಕ್ಕಿ ಹೊತ್ತು ತಂದ ಹಾಗೆ.

ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಸಂಘವೊಂದು ಯಕ್ಷಗಾನ ಆಡಿಸಿ, ಫೋಟೊಗಳನ್ನು ತನ್ನ ಜಾಲತಾಣಕ್ಕೆ ಏರಿಸಿದೆ ಎಂದುಕೊಳ್ಳಿ. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 ಅಗಲ, 3000 ಎತ್ತರ, ಒಟ್ಟು 1.2 ಕೋಟಿ ಪಿಕ್ಸೆಲ್. ಮರುದಿನ ಬೆಳಿಗ್ಗೆ ಲೋಕಲ್‌ನಲ್ಲಿ ನಿಂತೇ ಅದನ್ನು ನೋಡುವವರ ಫೋನು ಸಿಎಸ್‌ಎಸ್ ಲೆಕ್ಕದಲ್ಲಿ 360 ಪಿಕ್ಸೆಲ್ ಅಗಲ. ಪರದೆಯ ಸಾಂದ್ರತೆ ಮೂರು ಪಟ್ಟಿದ್ದರೆ, ಅಂದರೆ ಸಿಎಸ್‌ಎಸ್‌ನ ಒಂದು ಪಿಕ್ಸೆಲ್ ಅಗಲದಲ್ಲಿ ಪರದೆಯ ಮೂರು ಪಿಕ್ಸೆಲ್ ಕೂತಿದ್ದರೆ, 1080 ಅಗಲ, 810 ಎತ್ತರದ ಚಿತ್ರ ಸಾಕು. ಅದು ಒಂಬತ್ತು ಲಕ್ಷ ಪಿಕ್ಸೆಲ್ಲೂ ಆಗುವುದಿಲ್ಲ. ಉಳಿದದ್ದೆಲ್ಲ ದಂಡ. ನೆಟ್‌ವರ್ಕ್ ಚೆನ್ನಾಗಿದ್ದರೂ ತೊಂದರೆ ತಪ್ಪಿದ್ದಲ್ಲ: ಬಿಚ್ಚಿದ ಚಿತ್ರಕ್ಕೆ ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ 48 ಎಂಬಿ ಮೆಮೊರಿ ಬೇಕು. ಅಂಥ ಹತ್ತು ಫೋಟೊ ಒಂದೇ ಪುಟದಲ್ಲಿದ್ದರೆ ಅಗ್ಗದ ಫೋನು ತಡವರಿಸುತ್ತದೆ.

ಪ್ರತಿಗಳನ್ನು ಮಾಡುವ ಕೆಲಸ ಸರ್ವರ್‌ನದು, ಅಂದರೆ ಜಾಲತಾಣವನ್ನು ಇಟ್ಟಿರುವ ಕಂಪ್ಯೂಟರಿನದು. ಸಂಘದ ಕಾರ್ಯದರ್ಶಿಯ ಕೈಯಲ್ಲಿ ಒಂದೊಂದು ಫೋಟೊವನ್ನೂ ನಾಲ್ಕು ಅಳತೆಗೆ ಕುಗ್ಗಿಸಿ ಎನ್ನುವುದು ಆಗದ ಮಾತು. ಪಿಎಚ್‌ಪಿಯಲ್ಲಿ ಜಿಡಿ ಅಥವಾ ಇಮ್ಯಾಜಿಕ್, ಪೈಥಾನ್‌ನಲ್ಲಿ ಪಿಲ್ಲೊ, ನೋಡ್‌ನಲ್ಲಿ ಶಾರ್ಪ್ ಎಂದು, ಸರ್ವರ್‌ನ ಕೋಡ್ ಯಾವುದರಲ್ಲಿದ್ದರೂ ಈ ಕೆಲಸಕ್ಕೆ ಸಿದ್ಧ ಕೋಡಿನ ಲೈಬ್ರರಿಗಳಿವೆ. ಅಪ್‌ಲೋಡ್ ಆದೊಡನೆ 400, 800, 1200, 1600 ಅಗಲದ ಪ್ರತಿಗಳನ್ನು ಮಾಡಿ, ಮೂಲವನ್ನು ಬೇರೆಯಾಗಿ ಇಟ್ಟುಕೊಂಡರಾಯಿತು. ಚಿಕ್ಕ ಫೋಟೊವನ್ನು ಹಿಗ್ಗಿಸಲು ಹೋಗಬೇಡಿ. ಇನ್ನೊಂದು ಎಚ್ಚರಿಕೆ: ಫೋನುಗಳು ಎಷ್ಟೋ ಸಲ ಫೋಟೊವನ್ನು ಅಡ್ಡವಾಗಿಯೇ ಉಳಿಸಿ, ‘ಇದನ್ನು ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನು ಫೈಲಿನೊಳಗೇ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಬರೆದಿಡುತ್ತವೆ. ತಿರುಗಿಸುವ ಮೊದಲೇ ಆ ಮಾಹಿತಿಯನ್ನು ಅಳಿಸಿದರೆ ವೇಷಧಾರಿ ಕಿರೀಟ ಸಮೇತ ಮಲಗಿಬಿಡುತ್ತಾನೆ. ತಿರುಗಿಸಿದ ಮೇಲೆ ಅಳಿಸಲೇಬೇಕು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ಫೋಟೊದೊಳಗೆ ಆ ಮನೆ ಇರುವ ಜಾಗವೂ ಜಿಪಿಎಸ್ ಅಂಕಿಗಳಾಗಿ ಕೂತಿರಬಹುದು.

ಕೇಳಿದಾಗ ಕೇಳಿದ ಅಳತೆಗೆ ಚಿತ್ರ ಮಾಡಿಕೊಡುವ ಪದ್ಧತಿಯೂ ಇದೆ. ಅದಕ್ಕೆ ಲಂಗುಲಗಾಮು ಬೇಕು. ವಿಳಾಸದಲ್ಲಿ ಅಗಲವನ್ನು 401, 402, 403 ಎಂದು ಬದಲಿಸುತ್ತ ಹೋದವರಿಗೆಲ್ಲ ಹೊಸ ಪ್ರತಿ ಮಾಡಿಕೊಡುವ ಸರ್ವರ್ ಬೇಗ ಸುಸ್ತಾಗುತ್ತದೆ, ಡಿಸ್ಕೂ ತುಂಬುತ್ತದೆ. ನಿಗದಿಮಾಡಿದ ಅಳತೆಗಳನ್ನಷ್ಟೇ ಕೊಡಿ, ಒಮ್ಮೆ ಮಾಡಿದ್ದನ್ನು ಮತ್ತೆ ಕೊಡಲು ಕ್ಯಾಶ್‌ನಲ್ಲಿ ಎತ್ತಿಡಿ.

ಫಾರ್ಮ್ಯಾಟ್ ವಿಷಯ ಚುಟುಕಾಗಿ: ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿಯನ್ನು ಇಂದಿನ ಬ್ರೌಸರ್‌ಗಳೆಲ್ಲ ಓದುತ್ತವೆ. ಎವಿಫ್ ಎಂಬ ಇನ್ನೊಂದು ಫಾರ್ಮ್ಯಾಟ್‌ನ ಫೈಲ್ ಸಾಮಾನ್ಯವಾಗಿ ಇನ್ನೂ ಚಿಕ್ಕದು, ಆದರೆ ಮಾಡಲು ಸರ್ವರ್‌ಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬ್ರೌಸರ್ ತನಗೆ ಏನೇನು ಓದಲು ಬರುತ್ತದೆ ಎಂಬುದನ್ನು ತನ್ನ ಕೋರಿಕೆಯ ಜೊತೆ ಹೋಗುವ ಆಕ್ಸೆಪ್ಟ್ ಹೆಡರ್‌ನಲ್ಲಿ ಹೇಳುತ್ತದೆ. ಅದನ್ನು ನೋಡಿ ಸರ್ವರ್ ಫಾರ್ಮ್ಯಾಟ್ ಆರಿಸುವುದಾದರೆ ಉತ್ತರದಲ್ಲಿ, ಇದು ಆಕ್ಸೆಪ್ಟ್‌ಗೆ ತಕ್ಕಂತೆ ಬದಲಾಗುತ್ತದೆ ಎಂದು ತಿಳಿಸುವ ವೇರಿ ಹೆಡರ್ ಇರಲಿ. ಇಲ್ಲದಿದ್ದರೆ ನಡುವಿನ ಕ್ಯಾಶ್ ಒಬ್ಬರಿಗೆ ಕೊಟ್ಟ ಎವಿಫನ್ನೇ ಹಳೆಯ ಫೋನಿನವರಿಗೂ ಕೊಟ್ಟೀತು.

ಪ್ರತಿಗಳ ಪಟ್ಟಿಯನ್ನು ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಸೋರ್ಸ್‌ಸೆಟ್‌ನಲ್ಲಿ (srcset), ಒಂದೊಂದರ ಅಗಲ ಸಮೇತ ಬರೆಯುತ್ತೇವೆ. ಆಯ್ಕೆ ಬ್ರೌಸರ್‌ನದು. ಎಲ್ಲರೂ ಎಡವುವುದು ಇದರ ಜೊತೆಗಾರ ಸೈಜಸ್‌ನಲ್ಲಿ (sizes). ಎಚ್‌ಟಿಎಂಎಲ್ ಕಣ್ಣಿಗೆ ಬಿದ್ದೊಡನೆ ಬ್ರೌಸರ್ ಚಿತ್ರ ತರಲು ಹೊರಟುಬಿಡುತ್ತದೆ. ಸಿಎಸ್‌ಎಸ್ ಆಗಿನ್ನೂ ದಾರಿಯಲ್ಲಿರಬಹುದು. ಪುಟದಲ್ಲಿ ಈ ಚಿತ್ರಕ್ಕೆ ಎಷ್ಟು ಜಾಗ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ಹೇಳುವುದೇ ಸೈಜಸ್. ಬರೆಯದೆ ಬಿಟ್ಟರೆ ಪರದೆಯ ಪೂರ್ತಿ ಅಗಲ ಎಂದೇ ಲೆಕ್ಕ. ನಮ್ಮ ಯಕ್ಷಗಾನದ ಪುಟದಲ್ಲಿ ಸಾಲಿಗೆ ಎರಡು ಫೋಟೊ ಇದ್ದರೆ ಒಂದೊಂದಕ್ಕೆ 180, ಮೂರು ಪಟ್ಟಿಗೆ 540 ಪಿಕ್ಸೆಲ್. 800ರ ಪ್ರತಿಯೇ ಧಾರಾಳ. ಸೈಜಸ್ ಇಲ್ಲವೆಂದರೆ ಬ್ರೌಸರ್ 1080 ಎಂದುಕೊಂಡು 1200ರದ್ದಕ್ಕೆ ಕೈಹಾಕುತ್ತದೆ, ಪಿಕ್ಸೆಲ್ ಎರಡು ಪಟ್ಟಿಗಿಂತ ಹೆಚ್ಚು. ಸರ್ವರ್‌ನಲ್ಲಿ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ.

ಚಿತ್ರದ ಅಗಲ, ಎತ್ತರಗಳನ್ನೂ ಸರ್ವರ್ ಬರೆದುಕೊಡಲಿ. ಜಾಗ ಮೊದಲೇ ಮೀಸಲಾಗಿರುವುದರಿಂದ ಫೋಟೊ ಬಂದಾಗ ಓದುತ್ತಿದ್ದ ಸಾಲು ಕೆಳಗೆ ಜಾರುವುದಿಲ್ಲ. ಪರದೆಯ ಹತ್ತಿರ ಬಂದಾಗಷ್ಟೇ ಚಿತ್ರವನ್ನು ತರಿಸುವ ಲೇಜಿ ಲೋಡಿಂಗ್ ಕೆಳಗಿನ ಫೋಟೊಗಳಿಗೆ ಮಾತ್ರ. ಪುಟದ ತಲೆಯಲ್ಲಿರುವ ದೊಡ್ಡ ಚಿತ್ರಕ್ಕೂ ಅದನ್ನು ಹಚ್ಚುವುದು ಬುದ್ಧಿವಂತಿಕೆಯಲ್ಲ.

ಕನ್ನಡದ ಜಾಲತಾಣಗಳಲ್ಲಿ ಇದೆಲ್ಲಕ್ಕೂ ಮಣಿಯದ ಒಂದು ಜಾತಿಯ ಚಿತ್ರವಿದೆ: ಆಮಂತ್ರಣ ಪತ್ರಿಕೆ. ಹಳದಿ ಹಿನ್ನೆಲೆ, ಕೆಂಪು ಅಕ್ಷರ. ಫೋಟೊಗಳ ಮಾಮೂಲಿ ಫಾರ್ಮ್ಯಾಟ್ ಆದ ಜೆಪೆಗ್, ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಹಿಂಡುತ್ತದೆ. ಜೊತೆಗೆ ಬೆಳಕಿನ ವಿವರವನ್ನು ಉಳಿಸಿಕೊಂಡು ಬಣ್ಣದ ವಿವರವನ್ನು ಸಾಮಾನ್ಯವಾಗಿ ಎರಡೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸುತ್ತದೆ. ಮುಖದ ಬಣ್ಣಗಾರಿಕೆಯಲ್ಲಿ ಅದು ಕಾಣುವುದೇ ಇಲ್ಲ. ಕೆಂಪು ಅಕ್ಷರದ ಅಂಚಿನಲ್ಲಿ ಎದ್ದು ಕಾಣುತ್ತದೆ, ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. 400ರ ಪ್ರತಿಯಲ್ಲಿ ‘ಅಧ್ಯಕ್ಷತೆ’ ಎಂಬುದು ಕೆಂಪು ಮಸಿ. ವೆಬ್‌ಪಿಯ ಸಾಮಾನ್ಯ ಬಗೆಯೂ ಬಣ್ಣವನ್ನು ಹೀಗೇ ಕತ್ತರಿಸುತ್ತದೆ. ಇಂಥವಕ್ಕೆ ವಿವರವನ್ನು ಕಳೆಯದೆ ಉಳಿಸುವ ಪಿಎನ್‌ಜಿ ಅಥವಾ ಲಾಸ್‌ಲೆಸ್ ವೆಬ್‌ಪಿ ಎಂಬ ಬೇರೆ ದಾರಿಯನ್ನು ಕೋಡ್‌ನಲ್ಲೇ ಇಟ್ಟಿರಬೇಕು. ಸಮಯ, ಸಭಾಂಗಣ, ಹತ್ತಿರದ ಸ್ಟೇಷನ್ ಇಷ್ಟನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಟೈಪ್ ಮಾಡಿ ಹಾಕಿದರೆ ಇನ್ನೂ ವಾಸಿ. ಹುಡುಕಿದರೆ ಸಿಗುತ್ತದೆ, ಕಾಪಿ ಮಾಡಿ ಕಳಿಸಲೂ ಬರುತ್ತದೆ.