ನೇರ ಗೆರೆಗೆ ಶಾಕ್ ಕೊಡುವುದಿಲ್ಲ

ಸಿನಿಮಾದಲ್ಲಿ ನೋಡಿರುತ್ತೀರಿ. ಮಾನಿಟರ್‌ನಲ್ಲಿ ಗೆರೆ ನೇರವಾಗುತ್ತದೆ. ಡಾಕ್ಟರ್ ಇಸ್ತ್ರಿ ಪೆಟ್ಟಿಗೆಯಂಥ ಎರಡು ಹಿಡಿಗಳನ್ನು ಎದೆಗೊತ್ತಿ ಶಾಕ್ ಕೊಡುತ್ತಾರೆ. ರೋಗಿ ಎದ್ದೇಬಿಡುತ್ತಾನೆ! ಎಸಿಎಲ್‌ಎಸ್ (ಅಡ್ವಾನ್ಸ್ಡ್ ಕಾರ್ಡಿಯೋವ್ಯಾಸ್ಕ್ಯುಲರ್ ಲೈಫ್ ಸಪೋರ್ಟ್) ತರಬೇತಿಯ ಪರೀಕ್ಷೆಯಲ್ಲಿ ಹೀಗೆ ಮಾಡಿದವರು ಮತ್ತೆ ಓದಿಕೊಂಡು ಬರಬೇಕು.

ಹೃದಯ ನಿಂತ ರೋಗಿಗೆ ಏನು, ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂದು ಡಾಕ್ಟರು, ನರ್ಸುಗಳಿಗೆ ಕಲಿಸುವ ತರಬೇತಿ ಇದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನದು. ನಮ್ಮಲ್ಲೂ ಐಸಿಯು ಕೆಲಸಕ್ಕೆ ಹೋದರೆ ಈ ಸರ್ಟಿಫಿಕೇಟ್ ಕೇಳುವುದುಂಟು.

ಶಾಕ್ ವಿಷಯಕ್ಕೆ ಬರೋಣ. ಅದು ನಿಂತ ಹೃದಯವನ್ನು ಸ್ಟಾರ್ಟ್ ಮಾಡುವುದಿಲ್ಲ, ಗಲಾಟೆ ನಿಲ್ಲಿಸುತ್ತದೆ. ಕೆಲವು ಸಲ ಹೃದಯದ ಸ್ನಾಯುಗಳು ತಾಳ ತಪ್ಪಿ ಸುಮ್ನೆ ಅದುರುತ್ತಿರುತ್ತವೆ, ರಕ್ತ ಮುಂದೆ ಹೋಗುವುದಿಲ್ಲ. ಆಗ ಶಾಕ್, ಗದ್ದಲದ ಕ್ಲಾಸಿನಲ್ಲಿ ಮೇಷ್ಟ್ರು ಮೇಜಿಗೆ ಬೆತ್ತ ಕುಟ್ಟಿದಂತೆ. ಎಲ್ಲ ಒಂದು ಕ್ಷಣ ತೆಪ್ಪಗಾದರೆ ಹೃದಯದ ಸಹಜ ತಾಳ ಮರಳಲು ಅವಕಾಶ ಸಿಗುತ್ತದೆ. ಗೆರೆ ನೇರವಾಗಿದ್ದರೆ ಕ್ಲಾಸೇ ಖಾಲಿ. ಮೇಜು ಕುಟ್ಟಿ ಏನು ಪ್ರಯೋಜನ? ಅಲ್ಲಿ ಎದೆ ಒತ್ತುತ್ತಲೇ ಇರಬೇಕು, 3ರಿಂದ 5 ನಿಮಿಷಕ್ಕೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಕೊಡಬೇಕು. ಜೊತೆಗೆ ಕಾರಣ ಹುಡುಕಬೇಕು: ರಕ್ತ ಸೋರಿತೇ, ಪೊಟ್ಯಾಸಿಯಂ ಏರಿತೇ, ವಿಷವೇ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತೇ?

ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಮಾನಿಟರ್ ನೋಡುವ ನೆಪದಲ್ಲೂ 10 ಸೆಕೆಂಡಿಗಿಂತ ಜಾಸ್ತಿ ಕೈ ತೆಗೆಯುವಂತಿಲ್ಲ. ಊರಿನ ಕೈಪಂಪು ಒತ್ತಿದವರಿಗೆ ಇದು ಗೊತ್ತು. ಸ್ವಲ್ಪ ಬಿಟ್ಟರೂ ಮತ್ತೆ ನಾಲ್ಕಾರು ಸಲ ಒತ್ತಿದ ಮೇಲೇ ನೀರು ಮೇಲೆ ಬರುವುದು. ಹೃದಯಕ್ಕೇ ರಕ್ತ ಒದಗಿಸುವ ಒತ್ತಡವೂ ಹಾಗೆಯೇ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಆಳು ಬದಲಾಗಬೇಕು.

ನನ್ನ ಪ್ರಕಾರ ಈ ತರಬೇತಿಯ ಜೀವ ಇರುವುದು ಔಷಧಗಳಲ್ಲಲ್ಲ, ಮಾತಿನಲ್ಲಿ. ರೋಗಿಯ ಬದಲು ಮಲಗಿಸಿದ ಗೊಂಬೆಯ ಸುತ್ತ ತಂಡ ನಿಂತಿರುತ್ತದೆ. ಒಬ್ಬರು ಲೀಡರ್. ಆದಷ್ಟೂ ಕೈ ಹಾಕದೆ ಎಲ್ಲವನ್ನೂ ಗಮನಿಸುವುದೇ ಅವರ ಕೆಲಸ. 'ಅಡ್ರಿನಲಿನ್ 1 ಮಿಲಿಗ್ರಾಂ ಕೊಡಿ' ಎಂದರೆ ನರ್ಸ್ ಅದನ್ನೇ ತಿರುಗಿ ಹೇಳಬೇಕು. ಕೊಟ್ಟ ಮೇಲೆ 'ಕೊಟ್ಟಾಯ್ತು ಸಾರ್' ಎನ್ನಬೇಕು. ಬರಿಯ 'ಹೂಂ' ಸಾಲದು.

ಲೀಡರ್ ತಪ್ಪು ಡೋಸ್ ಹೇಳಿದರೆ? ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಯೂ 'ಸಾರ್, ಡೋಸ್ ಸರಿನಾ?' ಎಂದು ಕೇಳಲೇಬೇಕು. ದೊಡ್ಡ ಡಾಕ್ಟರ ಎದುರು ಬಾಯಿ ಬಿಡುವುದೇ ಕಷ್ಟವಿರುವ ನಮ್ಮ ವಾರ್ಡುಗಳಲ್ಲಿ, ಎದೆ ಒತ್ತುವುದಕ್ಕಿಂತ ಇದನ್ನು ಕಲಿಯುವುದೇ ಕಷ್ಟ ಅಲ್ವಾ?

ಸರ್ಟಿಫಿಕೇಟ್ 2 ವರ್ಷಕ್ಕೆ. ಕೈಯ ನೆನಪು ಮಾತ್ರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಅದಕ್ಕೇ ಕೆಲವು ಆಸ್ಪತ್ರೆಗಳು ಗೊಂಬೆಯನ್ನು ವಾರ್ಡಿನ ಹತ್ತಿರವೇ ಇಡುತ್ತವೆ. ಡ್ಯೂಟಿ ನಡುವೆ ಬಂದು ಎರಡು ನಿಮಿಷ ಒತ್ತಿ ಹೋಗಬಹುದು.